ನನಗಿಂತ ಮೊದಲು ಮನೆಗೆ ಬಂದವಳು

ಒಬ್ಬರೇ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡರು ಎಂಬಂಥ ಮಾತನ್ನು ನಾನು ಎಂದೂ ನಂಬಿದವಳಲ್ಲ. ಸಿರುಗುಪ್ಪದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಇಂಥದ್ದು ಹೇಳಿದರೆ ನಗುತ್ತಲೇ ತಿದ್ದುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದಿಂದೀಚೆಗೆ ಆ ಧೈರ್ಯ ನನಗಿಲ್ಲ.

ಕುರುಗೋಡಿನಲ್ಲಿದ್ದ ನನ್ನ ಅವ್ವನಿಗೆ ಗರ್ಭಕೋಶ ಜಾರಿತ್ತು. ಹೊರಬರುತ್ತಿದ್ದುದನ್ನು ಬಟ್ಟೆ ಕಟ್ಟಿ ತಡೆದುಕೊಂಡು, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತ, ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಜಾರದಂತೆ ತಡೆಯಲು ಒಳಗಿಡುವ ರಿಂಗ್ ಅವಳಿಗೆ ನಿಲ್ಲಲಿಲ್ಲ. ಆಪರೇಷನ್ ಬಗ್ಗೆ ಮಾತಾಡಲು ಆ ದಿನ ಬಳ್ಳಾರಿಗೆ ನಾನೊಬ್ಬಳೇ ಹೋದೆ.

ಡಾಕ್ಟರಮ್ಮ ಚಿತ್ರ ಬಿಡಿಸಿ ತಿಳಿಸಿದರು. ಗರ್ಭಕೋಶ ತೆಗೆದು ಸಡಿಲಾದ ಗೋಡೆಗಳನ್ನು ಬಿಗಿದು ಹೊಲಿಯಬಹುದು. ತೆಗೆಯದೆ ಮೇಲಕ್ಕೆತ್ತಿ ಒಳಗೆ ಗಟ್ಟಿಯಾಗಿ ಹೊಲಿದು ನಿಲ್ಲಿಸಲೂಬಹುದು. ದಾಂಪತ್ಯ ಇನ್ನು ಬೇಡವೆನ್ನುವ ವಯಸ್ಸಾದವರಿಗೆ ಯೋನಿಮಾರ್ಗವನ್ನೇ ಮುಚ್ಚುವುದೂ ಉಂಟು.

“ಯಾವುದ ಮಾಡಿದ್ರೂ ಮತ್ತ ಜಾರಂಗಿಲ್ಲ ಅಂತ ಬರದು ಕೊಡಾಕ ಆಗಲ್ರಿ. ಮೈ ಅವರದು. ಅವರನ್ನ ಕೇಳಿ ಬರ್ರಿ,” ಎಂದರು.

ಅವ್ವನಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. “ನಿನ್ನ ಹೊತ್ತ ಚೀಲ ಅದು. ಆದಷ್ಟು ತೆಗಸಬ್ಯಾಡ,” ಎಂದು ಮೊದಲೇ ಹೇಳಿದ್ದಳು. ಆದರೆ ತೆಗೆಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ, ಮತ್ತೆ ರಜೆ ಹಾಕಿ ಓಡಾಡುವುದು ತಪ್ಪುತ್ತದೆ ಎಂದುಕೊಂಡೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಅದು ನನ್ನ ಅನುಕೂಲ. ‘ತೆಗೆಯದೆ ಬೇರೆ ದಾರಿಯಿಲ್ಲವಂತೆ’ ಎಂಬ ಸುಳ್ಳನ್ನು ಕುರುಗೋಡಿನ ಬಸ್ಸಿನಲ್ಲಿ ಕೂತು ಹೊಂದಿಸಿಕೊಂಡೆ.

ಅವ್ವ ಪಕ್ಕದ ಮನೆಯ ಶಂಕ್ರಮ್ಮನ ಜೊತೆ ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, “ಮತ್ಯಾಕ ಬಂದಿ? ಏನರ ಮರತ್ಯೇನು?” ಎಂದಳು.

“ಈಗ ಬರಾಕತ್ತೀನಲ್ಲವ್ವ,” ಎಂದೆ.

“ಉಣ್ಣೋ ಹೊತ್ತಿಗೆ ಬಂದು, ಇಲ್ಲೇ ಕುಂತು ಎಲ್ಲಾ ಹೇಳಿದ್ಯಲ್ಲ. ಚೀಲ ಇಟ್ಟು ಎತ್ತಿ ಹೊಲಿಯೋದು ಐತಿ ಅಂದಿ. ನಾನು ಅದ ಮಾಡಸ್ತೀನಿ ಅಂದೆ. ನನ್ನ ಕೈ ಹಿಡಕೊಂಡು ಅತ್ತಿ.”

ಶಂಕ್ರಮ್ಮನನ್ನು ನೋಡಿದೆ. “ನೀರು ಕೊಟ್ರ ಒಲ್ಲೆ ಅಂದಿ,” ಎಂದಳು ಅವಳು, ವಿಶೇಷವೇನೂ ನಡೆದಿಲ್ಲವೆಂಬಂತೆ.

ಆ ಹೊತ್ತಿಗೆ ನಾನು ಬಳ್ಳಾರಿಯಲ್ಲಿ ಡಾಕ್ಟರ ಎದುರು ಕುಳಿತಿದ್ದೆ. ಯಾರಿಗೂ ಫೋನ್ ಮಾಡಿರಲಿಲ್ಲ. ನನಗೆ ಅಕ್ಕತಂಗಿಯರಿಲ್ಲ. ಅಂದಿನಿಂದ ಎಷ್ಟು ಬಗೆಯಲ್ಲಿ ಯೋಚಿಸಿದರೂ ಇದನ್ನು ಬಿಡಿಸಲಾಗಿಲ್ಲ.

ಹೊಂದಿಸಿಕೊಂಡಿದ್ದ ಸುಳ್ಳನ್ನು ನಾನು ಹೇಳಲೇ ಇಲ್ಲ. ಅವ್ವ ಬಯಸಿದ ಆಪರೇಷನ್ನೇ ಆಯಿತು. ಈಗ ಅಂಗಳ ಗುಡಿಸುತ್ತಾಳೆ, ಸಂತೆಗೆ ನಡೆದೇ ಹೋಗುತ್ತಾಳೆ. ಬಂದವರಿಗೆಲ್ಲ, “ನನ್ನ ಮಗಳು ಒಂದೂ ಮುಚ್ಚಿಡಲಿಲ್ಲ. ಎಷ್ಟು ತಿಳಿಯಂಗ ಹೇಳಿದ್ಳು,” ಎನ್ನುತ್ತಾಳೆ. ನಾನು ಪಕ್ಕದಲ್ಲೇ ಇರುತ್ತೇನೆ. ಅವಳು ನನ್ನ ಮುಖ ನೋಡಿದಾಗ ಹೂಂ ಅನ್ನುತ್ತೇನೆ.