ಬೂಟು ಬಿಡುವುದನ್ನು ಮರೆತ ಡಾಕ್ಟರು

ನಮ್ಮ ಡಾಕ್ಟರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲೇ ಏನೋ ಸಿಡಿದು ಅದು ಹೋಯಿತಂತೆ. ಹಾಗಾಗಿ ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಕತ್ತು ಓರೆ ಮಾಡಿ, ಬಲಗಿವಿಯನ್ನು ಮುಂದಕ್ಕೆ ತಂದು, ಕಣ್ಣು ನೆಲಕ್ಕೆ ಹಾಕಿ ಕೂತುಬಿಡುತ್ತಿದ್ದರು. ಕಾಳು ಹೆಕ್ಕುವ ಕೋಳಿ ಸಪ್ಪಳ ಕೇಳಿ ನಿಂತ ಹಾಗೆ. ಆ ಕಿವಿಯೋ ಮೊರದಷ್ಟು ಅಗಲ, ಅಂಚಿಗೆಲ್ಲ ಬಿಳಿ ಕೂದಲು. ಮೊದಲ ದಿನ ನಮ್ಮ ಅತ್ತೆ ಅವರ ಎಡಕ್ಕೆ ನಿಂತು, "ಅರ್ಧ ಕಿವುಡ ಅದಾನ, ಇವನೇನು ನನ್ನ ಸೊಸಿ ಹುಚ್ಚು ಬಿಡಸ್ತಾನ?" ಎಂದು ಗೊಣಗಿದರು. ಡಾಕ್ಟರು ತಲೆ ಎತ್ತದೆ, "ಅವ್ವಾರ, ಉಳಿದರ್ಧ ಛಲೋ ಕೇಳಸ್ತೈತಿ. ಕುಂದರ್ರಿ" ಎಂದರು.

ಆ ಹುಚ್ಚು ಸೊಸೆ ನಾನೇ. ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕುರುಗೋಡಿನವಳು ನಾನು, ಕೊಟ್ಟದ್ದು ಸಿರುಗುಪ್ಪಕ್ಕೆ, ಭತ್ತದ ಗದ್ದೆಯವರ ಮನೆಗೆ. ಮಗಳು ಹುಟ್ಟಿದ ಮೇಲೆ ನನಗೆ ಮಬ್ಬು ಕವಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಕೂಸಿಗೆ ಹಾಲೂಡಿಸಲೂ ಏಳಲಿಲ್ಲ. ಆಮೇಲೆ ಒಂದು ದಿನ ಎದ್ದೆ ನೋಡಿ, ಎದ್ದವಳು ಕೂರಲೇ ಇಲ್ಲ. ಕೋಳಿ ಕೂಗುವ ಮೊದಲೇ ಹಾಡುತ್ತಾ ರೊಟ್ಟಿ ಬಡಿಯಲು ಕೂತರೆ ಹಿಟ್ಟಿನ ಡಬ್ಬಿಯ ತಳ ಕಾಣುವವರೆಗೆ ಬಡಿಯುವುದು. ಓಣಿಯಲ್ಲಿ ಹೋಗುವ ಬಂಡಿಯವರನ್ನೆಲ್ಲ ಕರೆದು ಹಂಚುವುದು. ಸಾಕು ಎಂದವರ ಮೇಲೆ ಹರಿಹಾಯುವುದು. ಅಂಗೈ ಸುಟ್ಟು ಬೊಬ್ಬೆ ಎದ್ದದ್ದೂ ನನಗೆ ತಿಳಿಯಲಿಲ್ಲ. ಮಗಳನ್ನು ದೇಶನೂರಿನ ನಾದಿನಿಯ ಮನೆಗೆ ಕಳಿಸಿದರು. ಅತ್ತೆ ಹಿಟ್ಟಿನ ಡಬ್ಬಿಗೆ ಬೀಗ ಜಡಿದರು. ಮಂತ್ರ, ತಾಯಿತ ಎಲ್ಲ ಮುಗಿದ ಮೇಲೆ ನನ್ನ ಅಪ್ಪ ಹಟ ಹಿಡಿದು, ಅತ್ತೆಯನ್ನೂ ಹೊರಡಿಸಿ, ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಹೋದದ್ದು.

ಕೌಲ್ ಬಜಾರಿನ ಹತ್ತಿರ ಡಾಕ್ಟರ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ರೋಗಿಗಳು, ಹಿಂದಿನ ಕೋಣೆಯಲ್ಲಿ ಪುಸ್ತಕಗಳು. ಮದ್ರಾಸಿನಲ್ಲಿ ದೊಡ್ಡ ಓದು ಓದಿದವರು ಇಲ್ಲೇಕೆ ಕೂತರು ಎಂದು ಎಲ್ಲರೂ ಕೇಳುವವರೇ. ಮನಸ್ಸು ಕಾರಣವಿಲ್ಲದೆ ಏರುವುದು, ಕಾರಣವಿಲ್ಲದೆ ಇಳಿಯುವುದು, ಅದೊಂದರ ಬೆನ್ನು ಹತ್ತಿದ್ದರು ಅವರು. ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಏರಬೇಕಾದದ್ದು ಏರಿಯೇ ಬಿಟ್ಟಿರುತ್ತದೆ, ಏರುವ ಮೊದಲು ಮನೆಯಲ್ಲಿ ಏನು ಬದಲಾಯಿತು ಎನ್ನುವುದು ನನಗೆ ಬೇಕು ಎನ್ನುತ್ತಿದ್ದರು. ಆಗ ಈ ರೋಗಕ್ಕೆ ಔಷಧಿ ಎಂದು ಹೆಚ್ಚೇನೂ ಇರಲಿಲ್ಲ. ನಿದ್ದೆಗೊಂದು ಕಹಿ ನೀರು ಕೊಡುತ್ತಿದ್ದರು, ಅಷ್ಟೇ. ಉಳಿದದ್ದೆಲ್ಲ ಕೇಳುವುದು.

ಆ ಕೇಳುವ ರೀತಿಯಾದರೂ ಎಂಥದ್ದು! ರೂಪನಗುಡಿಯಿಂದ ಒಬ್ಬ ರೈತ ಬರುತ್ತಿದ್ದ. ಡಾಕ್ಟರು ಅವನನ್ನು ನೋಡುವ ಮೊದಲು ಹೊರಗೆ ಹೋಗಿ, ಬೇವಿನ ಮರಕ್ಕೆ ಕಟ್ಟಿದ್ದ ಅವನ ಎತ್ತುಗಳನ್ನು ನೋಡಿ ಬರುತ್ತಿದ್ದರು. ಎತ್ತಿನ ಮೈ ತಿಕ್ಕಿದ್ದರೆ ಸರಿ. ಕೆಸರು ಒಣಗಿ ಹಕ್ಕಳೆ ಕಟ್ಟಿದ್ದರೆ, ಆರಾಮ ಇದ್ದೇನೆ ಎಂದು ಅವನು ಎಷ್ಟು ಹೇಳಿದರೂ ಒಪ್ಪುತ್ತಿರಲಿಲ್ಲ. ಇಂಥ ಸಂಗತಿಗಳನ್ನೆಲ್ಲ ಬರೆದುಕೊಂಡು ಹೋಗಿ ಮದ್ರಾಸಿನ ಡಾಕ್ಟರುಗಳ ಸಭೆಯಲ್ಲಿ ಓದಿದಾಗ, ಅಲ್ಲಿಯವರು ಇವರಿಗೆ 'ದನದ ಡಾಕ್ಟರು' ಎಂದು ಹೆಸರಿಟ್ಟರಂತೆ. ಅದನ್ನು ನಮ್ಮ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದರು. ಮರುವರ್ಷ ಮತ್ತೆ ಹೋಗಿ ಮತ್ತೆ ಓದಿದರು.

ನನ್ನ ವಿಷಯದಲ್ಲಿ ಅವರು ಹಿಡಿದದ್ದು ರೊಟ್ಟಿಯನ್ನು. ಯಾವಾಗ ದಪ್ಪಗಾಯಿತು, ಯಾವಾಗ ಹರಿಯತೊಡಗಿತು, ಬಡಿಯುವ ಸಪ್ಪಳ ಯಾವಾಗ ಚುರುಕಾಯಿತು ಎಂದು ಅತ್ತೆಯ ಬಾಯಿಂದಲೇ ಹೊರಡಿಸಿದರು. ಗಂಡಸೊಬ್ಬ ತನ್ನ ಅಡುಗೆಮನೆಯ ಬಗ್ಗೆ ಇಷ್ಟು ಕೇಳಿದ್ದು ಅತ್ತೆಗೆ ಅದೇ ಮೊದಲು. ಬೈಯುತ್ತಲೇ ಎಲ್ಲವನ್ನೂ ಹೇಳಿದರು. ರೊಟ್ಟಿ ದಪ್ಪಗಾಗಿ ಹರಿದರೆ ಮಬ್ಬು, ಸಪ್ಪಳ ಚುರುಕಾದರೆ ಏರು ಎಂದು ಡಾಕ್ಟರು ಗುರುತಿಟ್ಟುಕೊಂಡರು.

ಅಪ್ಪನ ಮನೆಯಲ್ಲಿದ್ದುಕೊಂಡು ಕೆಲವು ತಿಂಗಳಲ್ಲಿ ನಾನು ನೆಟ್ಟಗಾಗಿ ಸಿರುಗುಪ್ಪಕ್ಕೆ ಮರಳಿದೆ. ಆದರೆ ಮನೆಯವರ ಅಂಜಿಕೆ ಮಾತ್ರ ನೆಟ್ಟಗಾಗಲಿಲ್ಲ. ಡಬ್ಬಿಯ ಬೀಗ ಹಾಗೇ ಇತ್ತು, ಮಗಳೂ ದೇಶನೂರಿನಲ್ಲೇ ಇದ್ದಳು. ನಾನು ಸ್ವಲ್ಪ ಜೋರಾಗಿ ನಕ್ಕರೆ ಅತ್ತೆ ನನ್ನ ಗಂಡನ ಮುಖ ನೋಡುವರು, ಗಂಡ ಬಾಗಿಲು ನೋಡುವರು. ನಗುವುದನ್ನೇ ಬಿಟ್ಟೆ. ಬಿಟ್ಟರೆ, ಮಬ್ಬು ಬಂತೇನೋ ಎಂದು ಮತ್ತೆ ಗಾಬರಿ! ಹೇಗಿದ್ದರೂ ಕಷ್ಟ. ಗಂಡ ಕೆಟ್ಟವರಲ್ಲ. ಮಗಳನ್ನು ಕರೆಸಿ ಎಂದು ಕೇಳಿದಾಗಲೆಲ್ಲ "ಇನ್ನೊಂದು ಸುಗ್ಗಿ ಹೋಗ್ಲಿ" ಎನ್ನುತ್ತಿದ್ದರು. ಕೊನೆಗೆ ನಾನೇ ಡಾಕ್ಟರಿಗೆ ಹೇಳಿ ಕಳಿಸಿದೆ. ಬರುತ್ತೇನೆ, ಆ ದಿನ ಮಗುವನ್ನೂ ಕರೆಸಿರಿ, ನೋಡಿ ತೀರ್ಮಾನ ಮಾಡೋಣ ಎಂದು ಉತ್ತರ ಬಂತು.

ಆ ಬೆಳಿಗ್ಗೆ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ಗುಡಿಗೆ ಹೋಗಿದ್ದರು, ಬೀಗದ ಕೈ ಗೂಟದಲ್ಲೇ ತೂಗುತ್ತಿತ್ತು. ಡಬ್ಬಿ ತೆರೆದೆ. ಮಗಳಿಗೆ ನನ್ನ ಕೈಯ ರೊಟ್ಟಿ ತಿನ್ನಿಸಬೇಕೆಂದು ಹಿಟ್ಟು ನಾದಿ, ಒಲೆ ಹಚ್ಚಿ, ಬಡಿಯತೊಡಗಿದೆ. ಬಾಯಿಗೆ ಹಾಡೂ ಬಂತು. ಅಷ್ಟರಲ್ಲಿ ಗುಡಿಯಿಂದ ಬಂದ ಅತ್ತೆ ಅಂಗಳದಲ್ಲೇ ನಿಂತು ಕೂಗಿದರು. "ಅಯ್ಯೋ, ಮತ್ತ ಹತ್ತಿತಲ್ಲೋ! ಕೂಸಿನ್ನ ಇಳಿಸಬ್ಯಾಡ್ರಿ, ಬಂಡಿ ತಿರುವ್ರಿ!"

ದೇಶನೂರಿನ ಬಂಡಿ ಬಾಗಿಲಿಗೇ ಬಂದಿತ್ತು. ಮಗಳ ಗೆಜ್ಜೆಯ ದನಿ ನನಗೆ ಕೇಳಿಸಿತು. ನನ್ನ ಗಂಡ ಎತ್ತುಗಳ ಹಗ್ಗ ಹಿಡಿದು ತಿರುಗಿಸುತ್ತಿರುವಾಗಲೇ ಬಸ್ಸಿಳಿದು ಬಂದ ಡಾಕ್ಟರು ಬೀದಿಯಲ್ಲೇ ರೊಟ್ಟಿಯ ಸಪ್ಪಳ ಕೇಳಿ, ಪಡಸಾಲೆ ದಾಟಿ, ಸೀದಾ ಅಡುಗೆಮನೆಗೆ ನುಗ್ಗಿದರು. ಮುಖ ಬಿಳಿಚಿತ್ತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಲಗಿವಿ ಚಾಚಿದರು.

"ತಂಗಿ, ಸಾಕು. ನಿಲ್ಲಸು."

ನಿಲ್ಲಿಸಿದೆ. ಅವರು ಕಾಯುತ್ತಿದ್ದರು. ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಎಲ್ಲಿಲ್ಲದ ಸಿಟ್ಟು ಬಂತು.

"ಏನ್ರಿ ಡಾಕ್ಟ್ರ ಇದು! ಅಡಗಿಮನಿಯಾಗ ಬೂಟು ಹಾಕ್ಕೊಂಡು ಬರ್ತಾರೇನ್ರಿ? ಮೊದಲ ಹೊರಗ ಬಿಟ್ಟು ಬರ್ರಿ, ಆಮ್ಯಾಲ ರೊಟ್ಟಿ."

ಡಾಕ್ಟರು ತಮ್ಮ ಕಾಲನ್ನು ನೋಡಿಕೊಂಡರು. ಮೆಲ್ಲಗೆ ನಗು ಶುರುವಾಗಿ, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ಅತ್ತೆಯ ಮುಂದೆ ನಿಂತರು.

"ಅವ್ವಾರ, ನಿಮ್ಮಂಗ ನಾನೂ ಅಂಜಿದೆ. ಇಷ್ಟು ವರ್ಷ ಇದನ್ನ ಓದಿದವ ನಾನು, ಸಪ್ಪಳ ಕೇಳಿ ಬೂಟು ಬಿಡೋದು ಮರ್ತೆ. ಆವಾಗ ಈಕಿಗೆ ತನ್ನ ಕೈ ಸುಟ್ಟಿದ್ದು ಗೊತ್ತಾಗಿದ್ದಿಲ್ಲ. ಈಗ ನನ್ನ ಕಾಲು ನೋಡ್ಯಾಳ. ನಿಲ್ಲಸಂದ್ರ ನಿಲ್ಲಿಸ್ಯಾಳ. ಇದು ರೋಗ ಅಲ್ಲ. ಮಗಳು ಬರ್ತಾಳಂತ ಖುಷಿ ಆಗೇತಿ, ಅಷ್ಟ."

ಅತ್ತೆ ಬಂಡಿಯ ಹತ್ತಿರ ಹೋಗಿ ಮಗುವನ್ನು ತಾವೇ ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದರು. ಅವಳಿಗೆ ನನ್ನ ಗುರುತಿಲ್ಲ, ಚಿಟ್ಟನೆ ಚೀರಿದಳು. ರೊಟ್ಟಿಯ ತುಂಡು ಕೈಗಿಟ್ಟ ಮೇಲೆ ಸುಮ್ಮನಾದಳು.

ಪುಂಡಿಪಲ್ಯದ ಜೊತೆ ಹೊಟ್ಟೆ ತುಂಬ ರೊಟ್ಟಿ ತಿಂದ ಡಾಕ್ಟರು ಹೊರಡುವಾಗ ನನ್ನ ಗಂಡನಿಗೆ ಹೇಳಿದರು: "ನಕ್ಕರ ನಗ್ಲಿ, ಅತ್ತರ ಅಳ್ಲಿ. ನಿಲ್ಲಸಾಕ ಆಗದಿದ್ರ ಮಾತ್ರ ನನ್ನ ಹತ್ರ ಕರಕೊಂಡು ಬರ್ರಿ." ಆ ವರ್ಷ ಮದ್ರಾಸಿನ ಸಭೆಯಲ್ಲಿ ಅವರು ತಮ್ಮ ಬೂಟಿನ ಕಥೆಯನ್ನೇ ಓದಿದರಂತೆ. ರೋಗ ಇಳಿದ ಮೇಲೂ ಮನೆಯವರಲ್ಲಿ ಉಳಿಯುವ ಅಂಜಿಕೆ ಯಾವ ಪುಸ್ತಕದಲ್ಲೂ ಇಲ್ಲ, ಡಾಕ್ಟರಿಗೂ ಅದು ಅಂಟುತ್ತದೆ ಎಂದರಂತೆ. ಈ ಸಲ ಯಾರೂ ಹೆಸರಿಡಲಿಲ್ಲ ಎಂದು ಸ್ವಲ್ಪ ಬೇಸರದಿಂದಲೇ ಹೇಳಿದರು. ಡಬ್ಬಿಯ ಬೀಗವನ್ನು ಅತ್ತೆ ದನದ ಕೊಟ್ಟಿಗೆಗೆ ಹಾಕಿದರು.

ಆಮೇಲೆ ಒಮ್ಮೆ ಮಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ. ರೊಟ್ಟಿ ಹರಿಯತೊಡಗಿದ್ದನ್ನು ನಾನೇ ನೋಡಿ, ನಾನೇ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ. "ಈಗ ನೀನ ಅರ್ಧ ಡಾಕ್ಟರು" ಎಂದರು. ಉಳಿದ ದಿನಗಳೆಲ್ಲ ಸುಖವಾಗಿಯೇ ಇದ್ದೆ, ಬೇಕಾದಷ್ಟು ನಕ್ಕೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಸ್ವಲ್ಪ ಮುಂಚೆ ಅವರು ಹೋಗಿಬಿಟ್ಟರು. ಬೆಳಿಗ್ಗೆ ರೋಗಿಯೊಬ್ಬನ ಮಾತು ಕೇಳುತ್ತಾ ಕೂತಿದ್ದವರು ಕತ್ತು ಓರೆ ಮಾಡಿದ್ದ ಹಾಗೆಯೇ ಒರಗಿದರಂತೆ. ಸುದ್ದಿ ಬಂದಾಗ ನಾನು ಒಲೆಯ ಮುಂದಿದ್ದೆ. ಅಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ಓಣಿಗೆಲ್ಲ ಕೇಳಿಸಿರಬೇಕು. ಪಕ್ಕದ ಮನೆಯವರು ಓಡಿ ಬಂದು ಏನಾಯಿತು, ಆಸ್ಪತ್ರೆಗೆ ಬಂಡಿ ಕಟ್ಟಬೇಕೇ ಎಂದು ಕೇಳಿದರು. ನಮ್ಮ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಏನೂ ಆಗಿಲ್ಲ ಬಿಡ್ರಿ. ಆಕಿ ಡಾಕ್ಟರು ತೀರ್ಯಾರ, ಅಳಾಕ ಹತ್ಯಾಳ. ಅಳ್ಲಿ" ಎಂದರು.