ನನಗೆ ಅಂಟಿದ ಅಪಕರ್ಷಣ

ರಸಾಯನಶಾಸ್ತ್ರ ನನಗೆ ನೀರು ಕುಡಿದಷ್ಟು ಸುಲಭವೆಂದು ಯಾರೋ ನನ್ನ ತಲೆಗೆ ತುಂಬಿಬಿಟ್ಟಿದ್ದರು. ಬೇರೆ ಯಾರೂ ಅಲ್ಲ, ನಾನೇ. ಮೈಸೂರು ಕಡೆಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಎಪ್ಪತ್ತರ ದಶಕದ ಆರಂಭ. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಅಪ್ಪನಿಗೆ ಎರ್ನಾಕುಲಕ್ಕೆ ವರ್ಗವಾಯಿತು. ಅಲ್ಲಿ ಪ್ರಿ-ಡಿಗ್ರಿಗೆ, ಅಂದರೆ ನಮ್ಮ ಪಿಯುಸಿಗೆ, ವಿಜ್ಞಾನವೇ ಬೇಕೆಂದು ಹಟ ಹಿಡಿದೆ.

"ಪಾಠ ಇಂಗ್ಲಿಷಲ್ಲಿ, ಸುತ್ತ ಮಲಯಾಳ. ಹಿಸ್ಟರಿ ತಗೋ, ಉರು ಹೊಡೆದು ಪಾಸಾಗ್ತೀಯ" ಎಂದರು ಅಪ್ಪ.

ನಾನು ಊಟ ಬಿಟ್ಟೆ. ಬಿಟ್ಟದ್ದು ಒಂದೇ ಹೊತ್ತು; ಸಂಜೆ ಅಮ್ಮ ಉಪ್ಪಿಟ್ಟು ಮಾಡಿಬಿಟ್ಟಳು. ಹೇಗೋ ಅಪ್ಪ ಒಪ್ಪಿದರು. ಆದರೆ ಷರತ್ತು ಹಾಕಿದರು: ಇವಳ ಕೈಯಲ್ಲಿ ಆಗುವುದಿಲ್ಲವೆಂದು ಕಾಲೇಜಿನವರು ಒಮ್ಮೆ ಹೇಳಿದರೂ ಸಾಕು, ವಿಜ್ಞಾನಕ್ಕೆ ದೊಡ್ಡ ನಮಸ್ಕಾರ.

ಕಾಲೇಜಿನಲ್ಲಿ ರೆಡಾಕ್ಸ್ ಸಮೀಕರಣ ಸರಿದೂಗಿಸುವ ಪಾಠ ಬಂತು. ಎಲೆಕ್ಟ್ರಾನ್ ಕಳೆದುಕೊಂಡರೆ ಆಕ್ಸಿಡೇಷನ್, ಪಡೆದುಕೊಂಡರೆ ರಿಡಕ್ಷನ್. ನಾನು ಎಲ್ಲವನ್ನೂ ಶಾಲೆಯ ಕನ್ನಡಕ್ಕೆ ತಿರುಗಿಸಿ ಗೊಣಗಿಕೊಂಡೇ ಲೆಕ್ಕ ಮಾಡುತ್ತಿದ್ದೆ: ಉತ್ಕರ್ಷಣ, ಅಪಕರ್ಷಣ. ಕಳೆದುಕೊಂಡವನಿಗೆ ಉತ್ಕರ್ಷ, ಗಿಟ್ಟಿಸಿಕೊಂಡವನಿಗೆ ಅಪಕರ್ಷ! ಯಾವ ಪುಣ್ಯಾತ್ಮ ಈ ಹೆಸರು ಇಟ್ಟನೋ ಎಂದು ಬೈದುಕೊಳ್ಳುತ್ತಿದ್ದೆ. ಮೊದಲ ಟೆಸ್ಟಿನಲ್ಲಿ ಆ ಅಪಕರ್ಷಣವೇ ನನ್ನನ್ನು ಮುಳುಗಿಸಿತು.

ಟೀಚರ್ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು, "ಎಂದಾ ಕುಟ್ಟೀ ಪ್ರಶ್ನಂ?" ಏನಮ್ಮಾ ತೊಂದರೆ ಅಂತ. ಗಾಬರಿಯಲ್ಲಿ ಇಂಗ್ಲಿಷ್ ಪದ ಓಡಿಹೋಯಿತು. ಮಲಯಾಳದಲ್ಲೂ ಸಂಸ್ಕೃತ ಬೇಕಾದಷ್ಟಿದೆ, ಅರ್ಥವಾಗುತ್ತದೆ ಎಂಬ ಧೈರ್ಯದಿಂದ, "ಎನಿಕ್ಕ್... ಅಪಕರ್ಷ..." ಎಂದೆ, ನನಗೆ ಅಪಕರ್ಷ ಬರುವುದಿಲ್ಲ ಎನ್ನಲು ಹೊರಟು.

ದಿನಾ ಆಲುವದಿಂದ ರೈಲಿನಲ್ಲಿ ಬರುತ್ತಿದ್ದ ನನ್ನ ಪಕ್ಕದ ಹುಡುಗಿ ಥಟ್ಟನೆ ನೆರವಿಗೆ ಬಂದಳು. ನನ್ನ ಗೊಣಗಾಟವನ್ನು ವಾರಗಟ್ಟಲೆ ಕೇಳಿಸಿಕೊಂಡವಳು ಅವಳು. "ಅಪಕರ್ಷತಾಬೋಧಂ ಆಣ್ ಟೀಚರ್. ಪಾವಂ!" ಎಂದಳು. ಪಾವಂ ಎಂದರೆ ಪಾಪ ಎಂದು ಗೊತ್ತಿತ್ತು. ಮಿಕ್ಕದ್ದು ರಿಡಕ್ಷನ್ನಿನ ಮಲಯಾಳ ರೂಪವಿರಬೇಕು ಎಂದುಕೊಂಡು ನಾನು ಜೋರಾಗಿ ತಲೆಯಾಡಿಸಿದೆ. ಟೀಚರ್ ನನ್ನ ತಲೆ ಸವರಿ ಕೂರಿಸಿದರು.

ಮರುದಿನದಿಂದ ನನ್ನ ಗ್ರಹಗತಿ ಬದಲಾಯಿತು. ಮುಂದಿನ ಬೆಂಚು ಸಿಕ್ಕಿತು. ಹುಡುಗಿಯರು ನನ್ನ ಜಡೆ ಹೊಗಳಿದರು, ಟಿಫಿನ್ ಡಬ್ಬಿಯಿಂದ ಪುಟ್ಟು, ಬಾಳೆಹಣ್ಣು ಕರಿದ ಪಳಂಪೊರಿ ಕೊಟ್ಟರು. ಟೀಚರ್ ನನ್ನ ಲೆಕ್ಕ ನೋಡಿ "ವೆರಿ ಗುಡ್" ಎನ್ನುತ್ತಿದ್ದರು. ಕೆಂಪು ಶಾಯಿ ನನ್ನ ಹಾಳೆಯ ಹತ್ತಿರವೂ ಸುಳಿಯಲಿಲ್ಲ. ಈ ಊರಿನವರು ಪ್ರತಿಭೆಯನ್ನು ಎಷ್ಟು ಬೇಗ ಗುರುತಿಸುತ್ತಾರೆ ಎಂದು ನಾನು ಬೀಗಿದೆ. ಮನೆಯಲ್ಲಿ ಅಪ್ಪನಿಗೇ ಆವರ್ತಕೋಷ್ಟಕ ಪಾಠ ಮಾಡಲು ಹೊರಟೆ. ಅವರು ಪತ್ರಿಕೆ ಅಡ್ಡ ಹಿಡಿದುಕೊಂಡರು.

ವರ್ಷ ಕಳೆಯುವಷ್ಟರಲ್ಲಿ ಅಪ್ಪನಿಗೆ ಮತ್ತೆ ವರ್ಗ, ಈ ಸಲ ತಿರುವನಂತಪುರಕ್ಕೆ. ನನ್ನ ಟಿ.ಸಿ. ತರಲು ಹೋದ ಅಪ್ಪ ವಿಚಿತ್ರ ಮುಖ ಮಾಡಿಕೊಂಡು ಬಂದರು. "ಇವಳಿಗೆ ಕೀಳರಿಮೆಯ ಕಾಯಿಲೆ ಇತ್ತಂತೆ. ಎಲ್ಲರೂ ಸೇರಿ ವಾಸಿಮಾಡಿದ್ದಾರಂತೆ. ಅಲ್ಲೂ ಯಾರೂ ಗದರಬಾರದು, ಹೇಳಿಬಿಡಿ ಅಂದ್ರು ಇವಳ ಟೀಚರ್" ಎಂದರು. ಅಮ್ಮ ಬಾಗಿಲಿಗೆ ಒರಗಿಕೊಂಡು ನಕ್ಕಳು. "ಹೋಗಿ ಹೋಗಿ ಇವಳಿಗಾ? ಇವಳ ಜಂಬಾನ ಇಡೀ ಬೀದಿಗೆ ಹಂಚಿದ್ರೂ ಇನ್ನೂ ಮಿಗುತ್ತೆ!"

ಆಗ ಗೊತ್ತಾಯಿತು, ಅಪಕರ್ಷತಾಬೋಧಂ ಎಂದರೆ ಏನೆಂದು. ಅವಮಾನದಿಂದ ಮೈ ಉರಿಯಿತು. ಜಡೆಯ ಹೊಗಳಿಕೆ ಸುಳ್ಳಿರಬಹುದು, ಲೆಕ್ಕದ ಹೊಗಳಿಕೆ ಮಾತ್ರ ನಿಜವೇ ಎಂದು ಸಮಾಧಾನ ಹೇಳಿಕೊಂಡೆ. ಕನಿಕರಪಟ್ಟು ಯಾರಾದರೂ ಸಮೀಕರಣಕ್ಕೆ ಮಾರ್ಕು ಕೊಡುತ್ತಾರೆಯೇ?

ಕೊಡುತ್ತಾರೆ. ತಿರುವನಂತಪುರದಲ್ಲಿ ಪಟ್ಟಂನಿಂದ ಬಸ್ಸು ಹಿಡಿದು ಹೊಸ ಕಾಲೇಜಿಗೆ ಹೋದ ಮೊದಲ ವಾರವೇ ಅದು ತಿಳಿಯಿತು. ಅಲ್ಲಿ ಪಾಠ ಮಾಡುವ ಹೆಂಗಸರನ್ನೂ 'ಸಾರ್' ಎನ್ನುವ ರೂಢಿ. ದಪ್ಪ ಕನ್ನಡಕದ ನಮ್ಮ ಕೆಮಿಸ್ಟ್ರಿ ಸಾರ್ ನನ್ನನ್ನು ಬೋರ್ಡಿಗೆ ಕರೆದು ಪರ್ಮ್ಯಾಂಗನೇಟು, ಕಬ್ಬಿಣ, ಆಮ್ಲದ ಸಮೀಕರಣ ಕೊಟ್ಟರು. ನಾನು ಗತ್ತಿನಿಂದ ಬರೆದೆ. ಮ್ಯಾಂಗನೀಸ್ ಎರಡೂ ಕಡೆ ಒಂದು, ಕಬ್ಬಿಣ ಒಂದು. ಆಕ್ಸಿಜನ್ ಕಡಿಮೆ ಬಿದ್ದಲ್ಲಿ, ನೆಂಟರು ಬಂದಾಗ ಅಮ್ಮ ಸಾರಿಗೆ ಸೇರಿಸುವ ಹಾಗೆ ನೀರು ಸೇರಿಸಿದೆ. ಹೈಡ್ರೋಜನ್ನನ್ನು ಆಮ್ಲದಿಂದ ಎಳೆದುಕೊಂಡೆ. ಪರಮಾಣುಗಳ ತಲೆ ಎಣಿಸಿದರೆ ಎಡಬಲ ಸಮ. ಚಾಕ್ ಕೆಳಗಿಟ್ಟು ವೆರಿ ಗುಡ್ಡಿಗಾಗಿ ಕಾದೆ.

ಸಾರ್ ವಿದ್ಯುದಾವೇಶ ಎಣಿಸಿದರು. ಎಡಕ್ಕೆ ಒಂಬತ್ತು, ಬಲಕ್ಕೆ ಐದು. "ಈ ನಾಲು ಚಾರ್ಜ್ ಎವಿಡೆ ಪೋಯಿ? ನೀ ತಿನ್ನೋ?"

ನಾಲ್ಕು ಚಾರ್ಜು ಎಲ್ಲಿ ಹೋಯಿತು, ನೀನು ತಿಂದುಬಿಟ್ಟೆಯಾ! ಕ್ಲಾಸು ಗೊಳ್ಳೆಂದಿತು. ಚಾರ್ಜನ್ನೂ ಸರಿದೂಗಿಸಬೇಕೆಂದು ಒಂದು ವರ್ಷ ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಹೇಳಿದರೆ ನಾನೆಲ್ಲಿ ನೊಂದುಕೊಳ್ಳುತ್ತೇನೋ ಎಂದು. ಮುಂದಿನ ವಾರ ಇದೇ ಲೆಕ್ಕ ಬರದಿದ್ದರೆ ಆರ್ಟ್ಸಿಗೆ ಹೋಗಿ ಮೊದಲಿಂದ ಶುರುಮಾಡು, ನಿಮ್ಮ ತಂದೆಗೂ ನಾನೇ ಹೇಳುತ್ತೇನೆ ಎಂದರು ಸಾರ್.

ನನಗೆ ನಿಜಕ್ಕೂ ಭಯವಾಯಿತು. ಅಪ್ಪನ ಷರತ್ತು ಕಣ್ಣೆದುರು ಕುಳಿತಿತ್ತು. ಇಷ್ಟು ದಿನ ಇಲ್ಲದ ಆ ಕಾಯಿಲೆ ಈಗ ಅಸಲಿಯಾಗಿಯೇ ಬಂದಿತ್ತು. ಬಂದದ್ದು ಒಳ್ಳೆಯದೇ ಆಯಿತು. ಪುಸ್ತಕವನ್ನು ಮೊದಲ ಪುಟದಿಂದ ತೆಗೆದೆ. ಗೊತ್ತಿಲ್ಲದ್ದನ್ನು ಪಕ್ಕದವಳನ್ನು, ಹಿಂದಿನವಳನ್ನು, ಕೊನೆಗೆ ಸಾರ್ ಅವರನ್ನೇ ಕೇಳಿದೆ. ಅವರು ಗದರಿ ಗದರಿಯೇ ಹೇಳಿಕೊಟ್ಟರು. ಆ ಬೈಗುಳವೆಲ್ಲ ನನಗೆ ಅರ್ಥವಾಗುತ್ತಿತ್ತು.

ಮುಂದಿನ ವಾರ ಮತ್ತೆ ಬೋರ್ಡಿಗೆ ಹೋದೆ. ಪರ್ಮ್ಯಾಂಗನೇಟಿಗೆ ಐದು ಎಲೆಕ್ಟ್ರಾನ್ ಬೇಕು, ಒಂದು ಕಬ್ಬಿಣ ಕೊಡುವುದು ಒಂದನ್ನು. ಹಾಗಾಗಿ ಕಬ್ಬಿಣ ಐದು. ಚಾರ್ಜು ಎಡಕ್ಕೆ ಹದಿನೇಳು, ಬಲಕ್ಕೂ ಹದಿನೇಳು. ಸಾರ್ ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿದರು.

"ಶರಿ. ಅಡುತ್ತ ಆಳ್."

ಸರಿ, ಮುಂದಿನವರು ಬನ್ನಿ. ಅಷ್ಟೇ! ಚಾಕನ್ನು ಮುಂದಿನವಳ ಕೈಗಿಟ್ಟು ಜಾಗಕ್ಕೆ ಬಂದೆ. ಕಣ್ಣು ತುಂಬಿ ಬಂತು. ಯಾರಾದರೂ ಕೇಳಿದರೆ ಚಾಕ್ ಪುಡಿ ಬಿತ್ತು ಎಂದು ಹೇಳೋಣವೆಂದು ಸಿದ್ಧವಾಗಿ ಕೂತೆ. ಯಾರೂ ಕೇಳಲಿಲ್ಲ.