ಕೈಗುಣದ ಕಥೆಗೆ ನನ್ನ ತಕರಾರು

“ಬಳೆಯಮ್ಮನ ಕೈಗುಣ ದೊಡ್ಡದು, ಅವರು ಬಳೆ ತೊಡಿಸಿದ್ದಕ್ಕೇ ಆ ಮನೆಯ ಮಗು ಉಳಿಯಿತು.” ಗಂಗಾನಗರದ ನಮ್ಮ ಬೀದಿಯಲ್ಲಿ ಈಗ ಎಲ್ಲರೂ ಹೇಳುವ ಮಾತು ಇದು. ಆ ಮನೆ ನನ್ನದು. ಆದ್ದರಿಂದ ಈ ಮಾತನ್ನು ಅಲ್ಲಗಳೆಯುವ ಅಧಿಕಾರವೂ ನನಗಿದೆ.

ಆ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆರಳುಗಳ ತುಂಬ ಗಾಜು ಕೊಯ್ದ ಸಣ್ಣ ಬಿಳಿ ಗೆರೆಗಳು. ಹೆಂಗಸರ ಮುಂಗೈಗಳನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹೊರಕ್ಕೆ ಬಾಗಿದ ಹೆಬ್ಬೆರಳು. ನನ್ನ ಸೊಸೆ ಮೊದಲ ಸಲ ಬಸುರಾದಾಗ ಐದನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಿದ್ದೂ ಅದೇ ಕೈ. ಹತ್ತು ದಿನಗಳಲ್ಲಿ ಗರ್ಭ ಇಳಿದುಹೋಯಿತು. ಕೈಗುಣವೆಂಬುದು ನಿಜವಾದರೆ ಆಗ ಅದು ಎಲ್ಲಿ ಹೋಗಿತ್ತು?

ಆಗ ಬೀದಿ ಬೇರೆ ಕಥೆ ಹೇಳುತ್ತಿತ್ತು. “ಆಯಮ್ಮನ ಕೈ ಸರಿಯಿಲ್ಲ ಕಣ್ರೀ, ಬೇರೆಯವ್ರನ್ನ ಕರೀರಿ” ಎಂದು ಹಾಲಿನ ಅಂಗಡಿಯ ಮುಂದೆ ನಿಂತು ನೆರೆಯವರು ಆಡಿದ್ದನ್ನು ನಾನೇ ಕೇಳಿದ್ದೇನೆ. ಕೆಲವು ಮನೆಗಳು ಶುಭಕಾರ್ಯಕ್ಕೆ ಅವರನ್ನು ಕರೆಯುವುದನ್ನು ಬಿಟ್ಟವು. ಎಲ್ಲದಕ್ಕೂ ಆಧಾರ ಕೇಳುವ ನಾನು ಅಂದು ಹಾಲು ತೆಗೆದುಕೊಂಡು ಸುಮ್ಮನೆ ಮನೆಗೆ ಬಂದೆ.

ಎರಡನೆಯ ಬಸುರನ್ನು ಸೊಸೆ ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಆಕೆಗೆ ತಾಯಿಯಿಲ್ಲ, ನನ್ನ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ದೂರದ ಊರುಗಳಿಗೆ ಬಸ್ಸು ಓಡಿಸುವ ಮಗ ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ, ಮಾವ ಮತ್ತು ಸೊಸೆ. “ಮಗು ಅಲುಗಿತೇನಮ್ಮಾ?” ಎಂದು ಮಾವನಾದವನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಗಳಿಗೆಗೊಮ್ಮೆ ಬಚ್ಚಲುಮನೆಯ ಚಿಲಕದ ಸದ್ದು ಕೇಳಿಸುತ್ತಿತ್ತು. ರಕ್ತ ಕಂಡೀತೇ ಎಂದು ನೋಡಿಕೊಳ್ಳಲು ಹೋಗುತ್ತಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನನಗೆ ತಿಳಿದಿದ್ದ ಉಪಾಯ ಒಂದೇ. ಹಳೆಯ ಪುಸ್ತಕದಂಗಡಿಯಿಂದ ಪ್ರಸೂತಿಶಾಸ್ತ್ರದ ಗ್ರಂಥವೊಂದನ್ನು ತಂದು, ಗರ್ಭಪಾತದ ಕಾರಣಗಳಿಗೆಲ್ಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಊಟದ ಮೇಜಿನ ಮೇಲಿಟ್ಟೆ. ಕಾರಣ ತಿಳಿದರೆ ಭಯ ಹೋಗುತ್ತದೆಂದು ನಂಬಿದ್ದೆ. ಸೊಸೆ ಓದಿದಳು. ಎರಡು ದಿನ ಊಟ ಬಿಟ್ಟಳು.

ಬಳೆಯಮ್ಮ ಬಂದದ್ದು ಆ ವಾರ. ಅವರ ಅಂಗಡಿ ಆರ್.ಟಿ. ನಗರದ ಮಸೀದಿ ರಸ್ತೆಯಲ್ಲಿತ್ತು. ಮಧ್ಯಾಹ್ನ ಒಂದೆರಡು ಗಂಟೆ ಬಾಗಿಲು ಹಾಕುತ್ತಿದ್ದರು. ಸೊಸೆ ಬಾಗಿಲಲ್ಲೇ ತಡೆದು, “ಬಳೆ ಬೇಡ ಆಂಟಿ” ಎಂದಳು.

“ನಿನಗ್ಯಾರು ಬಳೆ ಕೊಡ್ತಾರೆ? ಬಿಸಿಲು ನೋಡು, ಒಂದ್ಲೋಟ ನೀರು ಕೊಡು ಬೇಟಾ.”

ಕುಡಿದ ಮೇಲೂ ಅವರು ಏಳಲಿಲ್ಲ. ಮೇಜಿನ ಮೇಲಿದ್ದ ಪುಸ್ತಕದ ಕೆಂಪು ಗೆರೆಗಳನ್ನು ನೋಡಿ ನನ್ನತ್ತ ತಿರುಗಿದರು. “ಯಜಮಾನ್ರೇ, ಇದನ್ನ ನಿಮ್ಮ ರೂಮಲ್ಲೇ ಇಟ್ಕೊಂಡು ಓದಿ. ನಿಮ್ಮ ಹೊಟ್ಟೇಲಿ ಏನೂ ಇಲ್ವಲ್ಲ, ಪರವಾಗಿಲ್ಲ.” ಎಷ್ಟೋ ದಿನಗಳ ಮೇಲೆ ಸೊಸೆ ನಕ್ಕಳು.

ಅಂದಿನಿಂದ ದಿನವೂ ಬಂದರು. ರಂಜಾನ್ ಉಪವಾಸದ ದಿನಗಳಲ್ಲಿ ನೀರನ್ನೂ ಮುಟ್ಟದೆ ಕುಳಿತು ಹೋದರು. ಹರಕೆ, ದೃಷ್ಟಿ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಶುಕ್ರವಾರಕ್ಕೊಂದು ಬಳೆ ಮಾತ್ರ ತೊಡಿಸುತ್ತಿದ್ದರು. “ಒಂಬತ್ತು ತಿಂಗಳಿಗೆ ನಾನು ಗ್ಯಾರಂಟಿ ಕೊಡಲ್ಲ. ಈ ವಾರ ಮುಗೀತು, ಅಷ್ಟೇ.” ಇಡೀ ಬಸುರನ್ನು ಎದುರಿಸಲಾರದ ಹುಡುಗಿ ಒಂದು ವಾರವನ್ನು ಎದುರಿಸಿದಳು. ಅವರು ಎದ್ದುಹೋದ ಮೇಲೆ ನಾವಿಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಮರುದಿನದ ಮಧ್ಯಾಹ್ನಕ್ಕಾಗಿ ಕಾಯುತ್ತಿದ್ದೆವು.

ಏಳನೆಯ ತಿಂಗಳಲ್ಲಿ ಒಂದು ದಿನ ಬೆಳಗಿನಿಂದ ಮಗು ಅಲುಗಿರಲಿಲ್ಲ. ಅವರು ಬರುವ ಹೊತ್ತಿಗೆ ಸೊಸೆಯ ಕೈ ಅಡುಗೆಕಟ್ಟೆಗೆ ತಗುಲಿ ಬಳೆಯೊಂದು ಒಡೆದಿತ್ತು. ಆಕೆ ಚೂರುಗಳ ನಡುವೆ ಕಲ್ಲಾಗಿ ನಿಂತಿದ್ದಳು.

“ನನ್ನ ಅಂಗಡೀಲಿ ದಿನಾ ಒಡೀತವೆ. ಅದ್ರಿಂದ ಜನ ಸಾಯೋ ಹಾಗಿದ್ರೆ ನನ್ನ ಜೈಲಿಗೆ ಹಾಕ್ಬೇಕಿತ್ತು” ಎಂದು ಚೂರುಗಳನ್ನು ಆರಿಸಿದರು. ಆಮೇಲೆ ದನಿ ಬದಲಿಸಿ, “ಅಲುಗ್ತಾ ಇಲ್ಲ ಅಂದ್ರೆ ಅದನ್ನ ಕೇಳೋದು ಡಾಕ್ಟರನ್ನ, ಬಳೇನಲ್ಲ. ಏಳು” ಎಂದರು. ಹೊಸ್ತಿಲು ದಾಟುವಾಗ ನನ್ನನ್ನು ಕೇಳಿದರು: “ಯಜಮಾನ್ರೇ, ಬರ್ತೀರಾ?”

“ಹೆಂಗಸರ ಆಸ್ಪತ್ರೆ. ನಾನು ಬಂದು ಏನು ಮಾಡ್ಲಿ?” ಎಂದೆ. ಆಟೋ ಹೊರಟಿತು.

ಮಗುವಿನ ಎದೆಬಡಿತ ಸರಿಯಿತ್ತು. ಈಗ ಆ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಬಳೆಯಮ್ಮ ಹೋದ ವರ್ಷ ತೀರಿಕೊಂಡರು. ಹಿಂದೆ ಅವರನ್ನು ಕರೆಯದೆ ಬಿಟ್ಟವರೇ ಇಂದು ಅವರ ಕೈಯನ್ನು ಹೊಗಳುತ್ತಾರೆ. ಕೈಗೆ ದೋಷ ಹೊರಿಸಿದ್ದೂ ಸುಳ್ಳು, ಕೈಯನ್ನು ಪೂಜಿಸುವುದೂ ಸುಳ್ಳು. ಭಯದಲ್ಲಿದ್ದವಳ ಪಕ್ಕದಲ್ಲಿ ಅವರು ಬಂದು ಕುಳಿತರು, ನಡೆದದ್ದು ಇಷ್ಟೇ. ಅದನ್ನು ಮನೆಯಲ್ಲೇ ಇದ್ದ ನಾನು ಮಾಡಲಿಲ್ಲ.

ನನ್ನ ಮಾತು ನಂಬದವರು ಸೊಸೆಯನ್ನು ಕೇಳಬಹುದು. ಆ ದಿನದ ಆಸ್ಪತ್ರೆಯ ಚೀಟಿಯೂ ಅವಳ ಬೀರುವಿನಲ್ಲಿದೆ. ‘ಜೊತೆಗೆ ಬಂದವರು’ ಎಂಬಲ್ಲಿ ಬಳೆಯಮ್ಮನ ರುಜು, ಮುಂದೆ ‘ಪರಿಚಯದವರು’ ಎಂದು ಯಾರೋ ಬರೆದದ್ದು. ಅದರ ಕೆಳಗೆ ‘ಮನೆಯವರ ಸಹಿ’ ಎಂದು ಅಚ್ಚಾಗಿರುವ ಗೆರೆಯ ಮೇಲೆ ಏನೂ ಇಲ್ಲ.